ಹನ್ನೊಂದನೆಯ ಕಿಟಕಿ

ಗಾಜು ಮೊದಲೇ ಒಡೆದಿತ್ತೋ, ಇಲ್ಲ ನಾನು ಕೀಳುವಾಗ ಒಡೆಯಿತೋ? ಮೊದಲೇ ಒಡೆದಿದ್ದರೆ ಅಂಚಿನಲ್ಲಿ ಧೂಳು ಕೂತಿರಬೇಕಿತ್ತು. ಆಗಷ್ಟೇ ಒಡೆದದ್ದಾದರೆ ಅಂಚು ಹೊಳೆಯಬೇಕಿತ್ತು. ಹೊಳೆಯಿತೇ? ನೋಡಲಿಲ್ಲ. ಎರಡು ತುಂಡು ಕೈಗೆ ಬಂದವು, ಗೋಣಿಚೀಲಕ್ಕೆ ಹಾಕಿದೆ, ಅಷ್ಟೇ. ಬೆರಳಿಗೆ ಗೀರಿದ್ದರೆ ಹೊಸ ಅಂಚು ಎಂದುಕೊಳ್ಳಬಹುದಿತ್ತು. ಆದರೆ ಹಳೆಯ ಅಂಚೂ ಗೀರುತ್ತದಲ್ಲ.

ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಬೇಲಾಪುರದ ಆಫೀಸಿಗೆ ಹೊರಟಿದ್ದ ಸಮಿತ್, ಐರೋಲಿ ದಾಟುವ ಹೊತ್ತಿಗೆ ಇದನ್ನು ಎಷ್ಟು ಸಲ ತಿರುವಿಹಾಕಿದ್ದನೋ ಅವನಿಗೇ ಗೊತ್ತಿರಲಿಲ್ಲ. ಶುಕ್ರವಾರದ ಬೆಳಗು. ಯಾರದೋ ಡಬ್ಬಿಯ ಚೀಲ ಪಕ್ಕೆಗೆ ಒತ್ತುತ್ತಿತ್ತು. ಕಿವಿಯ ಮೇಲೆ ಹೆಡ್‌ಫೋನ್ ಇತ್ತು, ಅದರಲ್ಲಿ ಹಾಡಿರಲಿಲ್ಲ. ಡೊಂಬಿವಲಿಯ ಒಂದು ಖಾಲಿ ಅಡುಗೆಮನೆಯ ಸದ್ದು ಇತ್ತು.

ಖಾಲಿ ಕೋಣೆಗೂ ಅದರದೇ ಆದ ಸದ್ದಿರುತ್ತದೆ ಎನ್ನುವುದು ಅವನ ಕಸುಬಿನ ಮೊದಲ ಪಾಠ. ಹೊಟ್ಟೆಪಾಡಿಗೆ ಅವನು ಬೇಲಾಪುರದಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸ ಮಾಡುತ್ತಿದ್ದ, ತತ್ವಶಾಸ್ತ್ರದ ಎಂ.ಎ. ಅವನನ್ನು ಅದಕ್ಕಿಂತ ದೂರ ಒಯ್ದಿರಲಿಲ್ಲ. ಮನಸ್ಸು ಇದ್ದದ್ದು ನಾಟಕಗಳಿಗೆ ಧ್ವನಿ ಕೂಡಿಸುವುದರಲ್ಲಿ. ಮಾತು ನಿಂತ ಮೇಲೆ ಕೋಣೆಯಲ್ಲಿ ಏನು ಉಳಿಯುತ್ತದೋ ಅದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ನಾಟಕದಲ್ಲಿ ಮೌನ ಬಂದಾಗ ಅದನ್ನೇ ಹಾಕಬೇಕು. ಏನೂ ಹಾಕದೆ ಬಿಟ್ಟರೆ ಕೇಳುವವರಿಗೆ ಮಶಿನ್ ಕೆಟ್ಟಿತೆಂದು ಅನಿಸುತ್ತದೆ, ಮೌನವೆಂದು ಅನಿಸುವುದಿಲ್ಲ. ಈ ಪಾಠ ಅವನಿಗೆ ಯಾರೂ ಹೇಳಿಕೊಡದೆ ಬಂದದ್ದು. ಚಿಕ್ಕಂದಿನಿಂದಲೂ ಅವನು ಮಾತಿಗಿಂತ ಮಾತಿನ ನಡುವಿನ ಜಾಗವನ್ನೇ ಹೆಚ್ಚು ಕೇಳಿಸಿಕೊಂಡವನು.

ಈಗ ಅವನು ಕೇಳಿಸಿಕೊಳ್ಳುತ್ತಿದ್ದದ್ದು ಮಂಗಳವಾರದ ರೆಕಾರ್ಡಿಂಗ್. ಮೈಕು ಆರಿಸಲು ಮರೆತಿದ್ದರಿಂದ ಅದರಲ್ಲಿ ಮೂರು ಸಲ ಕೆರೆದ ಸದ್ದು. ಆಮೇಲೆ ಒಂದು ಸಣ್ಣ ‘ಟಕ್’. ಆಮೇಲೆ ಕೆಳಗಿನ ರಸ್ತೆಯ ರಿಕ್ಷಾ ಹಾರ್ನ್. ಅವನು ಮತ್ತೆ ಹಿಂದಕ್ಕೆ ಹೋದ. ಕೆರೆತ, ಕೆರೆತ, ಕೆರೆತ, ಟಕ್. ಆ ಟಕ್ ಗಾಜು ಒಡೆದದ್ದೋ, ಒಡೆದೇ ಇದ್ದ ಗಾಜು ಗೋಡೆ ಬಿಟ್ಟದ್ದೋ? ಧ್ವನಿಯ ಕೆಲಸ ಮಾಡುವವನಿಗೆ ಇಷ್ಟೂ ತಿಳಿಯಬಾರದೇ?

ನಾಟಕ ಅಶ್ಮಿತಾಳದ್ದು. ಅವಳೂ ಸಮಿತನೂ ಕಾಲೇಜಿನಲ್ಲಿ ಜೊತೆಗೆ ಓದಿದವರು. ಅವಳ ಮನೆಯವರು ಉಡುಪಿ ಕಡೆಯವರು, ಅವಳು ಹುಟ್ಟಿದ್ದು ಕಲ್ಯಾಣದಲ್ಲಿ. ಬಾಯಿ ತೆರೆದರೆ ಅರ್ಧ ಕನ್ನಡ, ಅರ್ಧ ಮರಾಠಿ. ಡೊಂಬಿವಲಿ ಪೂರ್ವದಲ್ಲಿ, ರೈಲುಹಳಿಗೆ ಹತ್ತಿರದ ಒಂದು ರಸ್ತೆಯಲ್ಲಿ, ಪ್ರಭಾತ ಸೊಸೈಟಿ ಎಂಬ ಮೂರು ಮಹಡಿಯ ಹಳೇ ಕಟ್ಟಡವನ್ನು ಒಡೆದು ಹೊಸ ಟವರ್ ಕಟ್ಟುವುದೆಂದು ಗೊತ್ತಾಗಿ ಎಲ್ಲರೂ ಖಾಲಿ ಮಾಡಿದ್ದರು. ಒಡೆಯುವ ಮುಂಚೆ ಒಂದು ಸಂಜೆ ಅದನ್ನು ನಾಟಕವಾಗಿಸಬೇಕು ಎಂದು ಅಶ್ಮಿತಾ ಹಟ ಹಿಡಿದಳು. ರಂಗಮಂಚ ಇಲ್ಲ, ಕುರ್ಚಿ ಇಲ್ಲ. ನೋಡುವವರು ಎದುರಿನ ಫುಟ್‌ಪಾತ್ ಮೇಲೆ ತಂತಿಯಿಲ್ಲದ ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು. ರಸ್ತೆಯ ಕಡೆಗಿರುವ ಹನ್ನೊಂದು ಕಿಟಕಿಗಳು ಒಂದಾದ ಮೇಲೊಂದು ಬೆಳಗಬೇಕು. ಹತ್ತು ಕಿಟಕಿಗಳಲ್ಲಿ ಪ್ರೊಜೆಕ್ಟರಿನಿಂದ ಬೀಳುವ ಚಿತ್ರಗಳು, ಅಲ್ಲಿದ್ದ ಸಂಸಾರಗಳ ಹಳೆಯ ಫೋಟೊ, ಮದುವೆಯ ವಿಡಿಯೊ. ಹನ್ನೊಂದನೆಯದರಲ್ಲಿ ಮಾತ್ರ ಜೀವಂತ ಮನುಷ್ಯ.

ಆ ಮನುಷ್ಯ ಚಂದ್ರಬಾಯಿ. ಕಟ್ಟಡ ಒಡೆಯುವ ಗುತ್ತಿಗೆದಾರನ ವಾಚ್‌ಮನ್ ಮಾಪಣ್ಣನ ಹೆಂಡತಿ, ಕಲಬುರಗಿ ಕಡೆಯವಳು. ಗಂಡ ಹೆಂಡತಿ ಹಿತ್ತಲಿನ ನೀರಿನ ಟಾಕಿ ಪಕ್ಕ ತಗಡಿನ ಶೆಡ್ಡಿನಲ್ಲಿದ್ದರು. ಮೊದಲ ದಿನ ರೆಕಾರ್ಡರ್ ಹಿಡಿದು ಕಟ್ಟಡ ಸುತ್ತುತ್ತಿದ್ದಾಗ ಆ ಶೆಡ್ಡಿನಿಂದ ಬಂದ ರೊಟ್ಟಿ ಬಡಿಯುವ ಸದ್ದು ಕೇಳಿ ಸಮಿತ್ ನಿಂತುಬಿಟ್ಟಿದ್ದ. ಅಂಗೈ ಜೋಳದ ಹಿಟ್ಟಿನ ಮೇಲೆ ಬಿದ್ದು, ತಿರುಗಿ, ಮತ್ತೆ ಬೀಳುವ ಸದ್ದು. ‘ಇಡೀ ನಾಟಕದ ಎದೆಬಡಿತ ಇದೇ’ ಎಂದು ಅಶ್ಮಿತಾಳಿಗೆ ಹೇಳಿದ್ದು ಅವನೇ. ಚಂದ್ರಬಾಯಿಯನ್ನು ಎರಡನೇ ಮಹಡಿಯ ಆ ಅಡುಗೆಮನೆಗೆ ಹತ್ತಿಸಿದ್ದೂ ಅವನೇ.

ಮಂಗಳವಾರ ಆದದ್ದು ಇಷ್ಟು. ಚಂದ್ರಬಾಯಿ ಕೂರುವ ಜಾಗದ ಹಿಂದಿನ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ನೆಲದವರೆಗೆ ಒಂದು ಬಿರುಕು ಇಳಿದಿತ್ತು. ಬಿರುಕಿಗೆ ಅಡ್ಡವಾಗಿ ಬೆರಳುದ್ದದ ಗಾಜಿನ ಪಟ್ಟಿ. ಎರಡೂ ತುದಿಗೆ ಬಿಳಿ ಗಾರೆಯ ಮುದ್ದೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ತಾರೀಖು. ಅಡುಗೆಮನೆಯ ದೀಪ ಹಚ್ಚಿದಾಗ ರಸ್ತೆಯಿಂದ ಅಶ್ಮಿತಾ ಫೋನ್ ಮಾಡಿದಳು.

“ಸಮಿತ್, ಗೋಡೇಮೇಲೆ ಏನೋ ಚಮಕ್ತಾ ಉಂಟು ರೇ. ಕಣ್ಣಿಗೇ ಹೊಡೀತದೆ. ತೆಗೆದು ಹಾಕು.”

ಪೇಂಟಿನವರು ಏನೋ ಅಂಟಿಸಿ ಮರೆತಿದ್ದಾರೆ ಎಂದುಕೊಂಡ ಅವನು ಗೋಡೆಗೆ ಪುಟ್ಟಿ ಮೆತ್ತುವ ಕತ್ತಿಯಿಂದ ಕೆರೆದು ತೆಗೆದ. ಬಿರುಕಿನ ಉದ್ದಕ್ಕೂ ಬಿಳಿ ಪುಟ್ಟಿ ಬಳಿದು ಉಜ್ಜಿ, ಗೋಡೆಯನ್ನು ಪರದೆಯಂತೆ ನುಣುಪು ಮಾಡಿದ. ಅಂದೇ ಸಂಜೆ ಮಾಪಣ್ಣ ಗೋಣಿಚೀಲಗಳನ್ನೆಲ್ಲ ಕಟ್ಟಡದ ಕಸ ಒಯ್ಯುವ ಲಾರಿಗೆ ಹಾಕಿ ಕಳಿಸಿದ.

ಗುರುವಾರ ಜಯಶೀಲ ಮಾಮ ಬಂದರು. ಸೊಸೈಟಿಯ ಸೆಕ್ರೆಟರಿ, ಸ್ಟೇಶನ್ ಹತ್ತಿರ ಹೋಟೆಲು ನಡೆಸುವವರು, ಸಮಿತನ ತಂದೆಯ ಸ್ನೇಹಿತರು. ನಾಟಕಕ್ಕೆ ಒಪ್ಪಿಗೆ ಕೊಡಿಸಿದ್ದೂ ಅವರೇ. ಹನ್ನೊಂದನೆಯ ಕಿಟಕಿಯ ಅಡುಗೆಮನೆ ಇಪ್ಪತ್ತೆಂಟು ವರ್ಷ ಅವರದಾಗಿತ್ತು.

“ನಮ್ಮ ಮನೆಯವಳು ಪ್ರಫುಲ್ಲಾ ಬಯ್ತಿದ್ದಾಳೆ ಮಾರಾಯ,” ಎಂದು ನಗುತ್ತ, ಪೊಟ್ಟಣದಲ್ಲಿ ತಂದ ಬನ್ಸ್ ಬಿಚ್ಚಿದರು. “ನೀರುದೋಸೆ ಎರೆದ ಕಿಚನ್‌ನಲ್ಲಿ ರೊಟ್ಟಿ ಬಡಿಸ್ತೀರಾ ಅಂತ. ನಾಳಿದ್ದು ನೋಡ್ಲಿಕ್ಕೆ ಬರ್ತಾಳಂತೆ, ಒಲೆ ಎಲ್ಲಿ ಇಟ್ಟಿದ್ದೀರಿ ಅಂತ ಪರೀಕ್ಷೆ ಮಾಡ್ಲಿಕ್ಕೆ. ಗ್ಲಾಸ್ ಎಲ್ಲ ಸರಿ ಉಂಟಲ್ಲ?”

“ಯಾವ ಗ್ಲಾಸ್ ಮಾಮ?”

“ಬಿರುಕಿನ ಮೇಲೆ ಇಂಜಿನಿಯರ್ ಅಂಟಿಸಿ ಹೋದದ್ದು. ಇಡೀ ಬಿಲ್ಡಿಂಗಿನಲ್ಲಿ ಆರೇಳು ಕಡೆ ಉಂಟು. ಗೋಡೆ ಒಂದು ಕೂದಲಷ್ಟು ಜರುಗಿದ್ರೂ ಅದು ತುಂಡಾಗ್ತದೆ. ತುಂಡಾದ್ರೆ ಒಳಗೆ ನಾಯಿಯನ್ನೂ ಬಿಡ್ಬೇಡಿ ಅಂತ ಹೇಳಿದ್ದಾನೆ. ನಾವು ಖಾಲಿ ಮಾಡುವಾಗ ನಮ್ಮ ಕಿಚನ್‌ನದ್ದು ಗಟ್ಟಿಯೇ ಇತ್ತು. ನೀನು ದಿನಾ ಮೇಲೆ ಹೋಗುವವ, ಈಗಲೂ ಸರಿ ಉಂಟಲ್ಲ?”

ಸಮಿತನ ಬಾಯಲ್ಲಿ ಬನ್ಸ್ ಇತ್ತು. ಅವನು “ಹ್ಞೂಂ” ಎಂದ.

ಅದು ಸುಳ್ಳು ಎಂದೂ ಅನಿಸಲಿಲ್ಲ ಆಗ. ಬಾಯಿ ತುಂಬಿದ್ದವನು ಹೊರಡಿಸುವ ಸದ್ದು, ಅಷ್ಟೇ. ಮಾಮ ಹೋದ ಮೇಲೆ ಅವನು ಉಳಿದ ಕೋಣೆಗಳಿಗೆಲ್ಲ ಟಾರ್ಚ್ ಹಿಡಿದು ಹೋದ. ಮೂರನೇ ಮಹಡಿಯಲ್ಲಿ ಎರಡು, ಮೆಟ್ಟಿಲಿನ ತಿರುವಿನಲ್ಲಿ ಒಂದು, ಕೆಳಗೆ ಮೂರು ಗಾಜುಗಳು. ಎಲ್ಲವೂ ಇಡಿಯಾಗಿದ್ದವು. ಇಡಿಯಾಗಿದ್ದ ಆ ಆರು ಗಾಜುಗಳಿಂದ ಏಳನೆಯದರ ಬಗ್ಗೆ ಏನನ್ನೂ ತಿಳಿಯುವಂತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ, ಬೇಲಾಪುರದ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಸೊಸೈಟಿ ಗೇಟಿನ ನೋಟೀಸಿನಲ್ಲಿದ್ದ ಇಂಜಿನಿಯರನ ನಂಬರಿಗೆ ಫೋನ್ ಮಾಡಿದ. ನಾಲ್ಕು ಸಲ ರಿಂಗಾಯಿತು. “ಹಲೋ, ಕೋಣ್?” ಎಂದು ಮರಾಠಿಯಲ್ಲಿ ಯಾರೆಂದು ಕೇಳಿತು ಆ ಕಡೆಯ ದನಿ. ಹಿಂದೆ ಎಲ್ಲೋ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಸಮಿತ್ ಆ ಮಿಕ್ಸರನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟ. ಏನೆಂದು ಕೇಳುವುದು? ಗಾಜು ಕಿತ್ತೆ, ಬಿರುಕು ಮುಚ್ಚಿದೆ, ಮೂರು ದಿನದಿಂದ ಒಬ್ಬ ಹೆಂಗಸನ್ನು ಅದರ ಕೆಳಗೆ ಕೂರಿಸಿದ್ದೇನೆ, ಪರವಾಗಿಲ್ಲವೇ? ಪರವಾಗಿಲ್ಲ ಎಂದು ಯಾವ ಇಂಜಿನಿಯರ್ ಹೇಳಿಯಾನು? ನಾಟಕ ನಿಲ್ಲುತ್ತದೆ. ಸೋಮವಾರ ಒಡೆಯುವವರು ಬರುತ್ತಾರೆ, ಮತ್ತೆ ಎಂದೂ ಆಗುವುದಿಲ್ಲ. ಎಂಟು ತಿಂಗಳಿನಿಂದ ಅಶ್ಮಿತಾ ಮನೆಮನೆಗೆ ಹೋಗಿ ಫೋಟೊ ಬೇಡಿ ತಂದಿದ್ದಳು. ಮತ್ತು ಗಾಜು ಬಹುಶಃ ಇಡಿಯಾಗಿಯೇ ಇತ್ತು. ಬಹುಶಃ.

ಆ ಸಂಜೆ ಕೊನೆಯ ತಾಲೀಮು. ಅವನು ಹೇಳಿಬಿಡಬೇಕೆಂದೇ ಬೇಗ ಬಂದಿದ್ದ. ಅಶ್ಮಿತಾ ಫುಟ್‌ಪಾತಿನಲ್ಲಿ ಕೂತು ಅರವತ್ತು ಹೆಡ್‌ಫೋನುಗಳಿಗೆ ಚಾರ್ಜ್ ಹಾಕುತ್ತಿದ್ದಳು.

“ಅಶ್ಮಿತಾ, ಮೇಲಿನ ಗೋಡೆ...”

“ಒಂದು ನಂಬರ್ ರೇ! ಮಾಖನ್, ಬೆಣ್ಣೆ ಹಾಗೆ ಮಾಡಿದಿ ಗೋಡೆ. ನಿನ್ನೆ ಕಲ್ಯಾಣದಿಂದ ನಮ್ಮ ಅಪ್ಪ ಬಂದಿದ್ರು, ಈ ಗೋಡೆಗೆ ಯಾರು ಪಾಲಿಶ್ ಹೊಡೆದದ್ದು ಅಂತ ಕೇಳಿದ್ರು.” ಅವಳು ತಲೆಯೆತ್ತಿ ನೋಡಿದಳು. “ಎಂತದು? ಮುಖ ಯಾಕೆ ಹಾಗೆ, ಎಕ್ಸಾಮ್‌ಗೆ ಹೋಗುವವನ ಹಾಗೆ?”

“ಏನಿಲ್ಲ.”

“ನಿಂದು ಏನಿಲ್ಲ ಅಂದ್ರೆ ಏನೋ ಉಂಟು ಅಂತ ಅರ್ಥ. ನಾಟಕ ಮುಗಿದ ಮೇಲೆ ಹೇಳು. ಈಗ ನನ್ನ ತಲೆಯಲ್ಲಿ ಜಾಗ ಇಲ್ಲ.”

ಅವನು ಮೇಲೆ ಹೋದ. ಚಂದ್ರಬಾಯಿ ಆಗಲೇ ಚಿಕ್ಕ ಗ್ಯಾಸ್ ಒಲೆಯ ಮುಂದೆ ಕೂತಿದ್ದಳು. ಮಾಪಣ್ಣ ಬಾಗಿಲಿಗೆ ಒರಗಿ ತಂಬಾಕು ತಿಕ್ಕುತ್ತಿದ್ದ.

“ನೋಡ್ರಿ ಸಾಹೇಬ್ರ,” ಎಂದ ಮಾಪಣ್ಣ, “ಮುಂಜಾನಿಂದ ಇಕಿ ನನಗ ಚಾ ಸುದ್ದಾ ಕೊಟ್ಟಿಲ್ಲ. ಹೀರೋಯಿನ್ ಆಗ್ಯಾಳ.”

“ನೀ ಸುಮ್ಮನಿರು. ನಾಳಿ ಜನ ನನ್ನ ನೋಡಾಕ ಬರ್ತಾರ, ನಿನ್ನ ಮೀಸಿ ನೋಡಾಕ ಅಲ್ಲ.” ಅವಳು ಸಮಿತನತ್ತ ತಿರುಗಿದಳು. “ತಮ್ಮಾ, ಅಂಬರನಾಥದಾಗ ನಮ್ಮ ತಂಗಿ ಪದ್ಮಾವತಿ ಅದಾಳಲ್ಲ, ಆಕಿ ತನ್ನ ಕಂಪನಿಯಾಗ ಎಲ್ಲರಿಗೂ ಹೇಳ್ಯಾಳ. ನಮ್ಮಕ್ಕ ಎಲ್ಡ್‌ನೇ ಮಾಳಿಗಿ ಕಿಡಕ್ಯಾಗ ಲೈಟಿನಾಗ ಕೂಡ್ತಾಳಂತ. ಎಂಟು ಮಂದಿ ಬರ್ತಾರಂತ. ಇಲಕಲ್ ಸೀರಿ ತಂದು ಕೊಡ್ತಾಳ, ಉಡ್ಲೇನು?”

“ಉಡಿ ಅಕ್ಕ.”

“ಹದಿನೈದು ವರ್ಷ ಆತು ಈ ಬೊಂಬಾಯ್ ಕಡಿ ಬಂದು. ಎಷ್ಟ್ ಬಿಲ್ಡಿಂಗ್ ಕಟ್ಟೀವಿ, ಹೆಸರ ನೆಪ್ಪಿಲ್ಲ. ಕಿಡಕಿ ಹಚ್ಚೂದ್ರಾಗ ನಮ್ಮನ್ನ ಎಬ್ಬಿಸಿ ಮುಂದಿನ ಸೈಟಿಗಿ ಒಯ್ತಾರ. ಕಿಡಕ್ಯಾಗ ಕೂತು ಹೊರಗ ನೋಡಿದ್ದು ಇದೇ ಮೊದಲ ನೋಡು,” ಎಂದು ನಕ್ಕು ಅವಳು ಹಿಟ್ಟಿಗೆ ಕೈಹಾಕಿದಳು.

ರೊಟ್ಟಿ ಬಡಿಯತೊಡಗಿದಳು. ಸಮಿತ್ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಅವಳ ಅಂಗೈ ಬಿದ್ದಾಗೆಲ್ಲ ನೆಲ, ನೆಲದಿಂದ ಗೋಡೆ, ಗೋಡೆಯಿಂದ ಮೈಕು. ವಾರದ ಹಿಂದೆ ಅವನಿಗೆ ಎದೆಬಡಿತದಂತೆ ಕೇಳಿದ್ದು ಈಗ ಯಾರೋ ಗೋಡೆಯನ್ನು ತಟ್ಟಿ ತಟ್ಟಿ ಎಬ್ಬಿಸುತ್ತಿರುವಂತೆ ಕೇಳಿತು.

ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ಉಪಾಯ ಹೊಳೆದಿತ್ತು. ಉಪಾಯಕ್ಕೆ ಸತ್ಯದ ಅಗತ್ಯ ಇರಲಿಲ್ಲ. ಅದೇ ಅದರ ಒಳ್ಳೆಯ ಗುಣವೆಂದು ಆಗ ಅನಿಸಿತು.

ಶನಿವಾರ ಹನ್ನೊಂದು ಗಂಟೆಗೆ, ಯಾರೂ ಬರುವ ಮುಂಚೆ, ಅವನು ಅಡುಗೆಮನೆಯ ಮೈಕಿನ ತಂತಿಯನ್ನು ದೀಪದ ಕರೆಂಟ್ ತಂತಿಗೆ ಸುತ್ತಿ, ಮೇಲೆ ಕಪ್ಪು ಟೇಪ್ ಹಚ್ಚಿದ. ಇದು ಕಸುಬಿನಲ್ಲಿ ಯಾರೂ ಮಾಡಬಾರದ ಕೆಲಸ. ಧ್ವನಿಯಲ್ಲಿ ಗುಂಯ್ ಎನ್ನುವ ಒಂದು ನಾದ ಸೇರಿಕೊಳ್ಳುತ್ತದೆ. ಒಂದು ಗಂಟೆಗೆ ಅಶ್ಮಿತಾ ಹೆಡ್‌ಫೋನ್ ಹಾಕಿ ಕೇಳಿದವಳು ಮುಖ ಕಿವುಚಿದಳು.

“ಹೇ ಕಾಯ್ ರೇ, ಎಂತ ಇದು? ಜೇನುಹುಳ ಹೊಕ್ಕ ಹಾಗೆ.”

“ಮೇಲಿನ ವೈರಿಂಗ್ ಹಳೇದು. ಅರ್ತಿಂಗ್ ಇಲ್ಲ,” ಎಂದ ಸಮಿತ್. ಮಾತು ಅವನಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ ಬಂತು. “ಎಷ್ಟು ಮಾಡಿದರೂ ಹೋಗ್ತಿಲ್ಲ. ಚಂದ್ರಬಾಯಕ್ಕನನ್ನು ಕೆಳಗೆ ಕೂರಿಸಬೇಕು. ಎದುರುಗಡೆ ಮುಚ್ಚಿದ ದವಾಖಾನೆಯ ಜಗಲಿ ಇದೆಯಲ್ಲ, ಅಲ್ಲಿ. ಅಲ್ಲಿ ಸದ್ದು ಸ್ವಚ್ಛ ಬರ್ತದೆ.”

“ತಲೆ ಸರಿ ಉಂಟಾ? ಮತ್ತೆ ಕಿಟಕಿಯಲ್ಲಿ ಯಾರು?”

“ಯಾರೂ ಬೇಡ. ಒಲೆ ಉರಿಯಲಿ, ತವಾ ಇರಲಿ, ಹಿಟ್ಟು ಹರಡಿರಲಿ. ಅವಳು ಈಗಷ್ಟೇ ಎದ್ದು ಹೋದ ಹಾಗೆ. ಸದ್ದು ಮಾತ್ರ ಬರಲಿ.”

ಅಶ್ಮಿತಾ ಬಯ್ಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ಉಳಿಯಿತು. ಅವಳು ರಸ್ತೆಯ ಆ ಬದಿಯ ಕಿಟಕಿಯನ್ನೂ ಈ ಬದಿಯ ಜಗಲಿಯನ್ನೂ ಎರಡು ಮೂರು ಸಲ ನೋಡಿದಳು.

“ಥಾಂಬ್, ನಿಲ್ಲು. ಜಗಲಿಗೆ ಕಪ್ಪು ಪರದೆ ಕಟ್ಟು. ಅವಳು ಜನರ ಬೆನ್ನ ಹಿಂದೆ ಇರಲಿ, ಯಾರಿಗೂ ಗೊತ್ತಾಗಬಾರದು. ಕೊನೆಯಲ್ಲಿ ಹೆಡ್‌ಫೋನ್‌ನಲ್ಲಿ ಸದ್ದು ನಿಲ್ಲಿಸಿಬಿಡು. ಜನ ಹೆಡ್‌ಫೋನ್ ತೆಗೀತಾರೆ. ಬಡಿಯೋ ಸದ್ದು ಹಿಂದಿನಿಂದ, ನಿಜವಾದ ರಸ್ತೆಯಿಂದಲೇ ಬರ್ತಿರ್ತದೆ.” ಅವಳು ಅವನ ಭುಜಕ್ಕೆ ಗುದ್ದಿದಳು. “ಸಾಯಿ ನೀನು! ಇದನ್ನ ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಕೊಂಡಿದ್ದಿಯಾ? ಅದಕ್ಕೇ ನಿನ್ನೆ ಆ ಮುಖ!”

ಚಂದ್ರಬಾಯಿಗೆ ಹೇಳಲು ಅವನೇ ಹೋದ. ಅವಳು ಶೆಡ್ಡಿನ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಹಿಂದಿನ ಹಗ್ಗದ ಮೇಲೆ ತಂಗಿಯ ಇಲಕಲ್ ಸೀರೆ ಗಾಳಿಗೆ ಹಾಕಿತ್ತು. ಮೈಕು, ವೈರಿಂಗ್, ಜಗಲಿ, ಪರದೆ ಎಂದೆಲ್ಲ ಅವನು ಹೇಳಿದ. ಅವಳು ಬಾಚಣಿಗೆಯ ಹಲ್ಲಿನಿಂದ ಕೂದಲು ಬಿಡಿಸಿ, ಸುತ್ತಿ, ಒಗೆದಳು.

“ಪರದೆ ಹಿಂದ ಅಂದ್ರ ನಾ ಕಾಣೂದಿಲ್ಲ?”

“ಕೊನೆಗೆ ಪರದೆ ಬೀಳ್ತದೆ ಅಕ್ಕ. ಆಗ ಎಲ್ಲರೂ ನಿಮ್ಮನ್ನೇ ನೋಡ್ತಾರೆ.”

“ಹಂಗಂದ್ರ ಆತ್ ಬಿಡು,” ಎಂದಳು. ಮತ್ತೆ ಬಾಚಣಿಗೆ ಕೈಗೆತ್ತಿಕೊಂಡಳು. ಯಾವ ಮೌನದಲ್ಲಿ ಏನಿದೆ ಎಂದು ಅಳೆಯಬಲ್ಲೆನೆಂದು ನಂಬಿದ್ದ ಅವನು, ಆ ಮೌನದಿಂದ ಬೇಗಬೇಗ ಎದ್ದು ಬಂದ.

ಆರೂವರೆಗೆ ಕತ್ತಲಾಯಿತು. ಫುಟ್‌ಪಾತಿನಲ್ಲಿ ಅರವತ್ತು ಹೆಡ್‌ಫೋನುಗಳನ್ನೂ ಹಂಚಿ ಮುಗಿಯಿತು. ಇಲ್ಲದವರು ಸುಮ್ಮನೆ ನಿಂತರು. ಹಳೆಯ ನಿವಾಸಿಗಳು ತಮ್ಮ ತಮ್ಮ ಕಿಟಕಿಗಳನ್ನು ಬೆರಳಿನಿಂದ ತೋರಿಸುತ್ತಿದ್ದರು. ಜಯಶೀಲ ಮಾಮನೂ ಪ್ರಫುಲ್ಲತ್ತೆಯೂ ಮುಂದಿನ ಸಾಲಿನಲ್ಲಿದ್ದರು. ಅಂಬರನಾಥದಿಂದ ಬಂದ ಎಂಟು ಮಂದಿಯ ಗುಂಪು ಇನ್ನೂ ಮುಂದೆ, ಎರಡನೇ ಮಹಡಿಗೇ ಕಣ್ಣು ನೆಟ್ಟು ನಿಂತಿತ್ತು. ಅವರಿಗೆ ಯಾರೂ ಬದಲಾವಣೆ ಹೇಳಿರಲಿಲ್ಲ.

ಒಲೆ ಹೊತ್ತಿಸಿಟ್ಟು ಯಾರೂ ಇಲ್ಲದೆ ಬಿಡುವಂತಿಲ್ಲ ಎಂದು ಅಶ್ಮಿತಾ ಹೇಳಿದಾಗ, “ನಾನೇ ಇರ್ತೇನೆ, ಕಿಟಕಿಯ ಕೆಳಗೆ, ಕಾಣದ ಹಾಗೆ,” ಎಂದ ಸಮಿತ್. ಅವನಿಗೆ ಅದು ಧೈರ್ಯವೆನಿಸಲಿಲ್ಲ. ಬೀಳುವುದಾದರೆ ತನ್ನ ಮೇಲೆ ಬೀಳಲಿ ಎಂಬುದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯೇ ಎಂದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಆದರೂ ಹತ್ತಿದ.

ನಾಟಕ ಮೂವತ್ತೈದು ನಿಮಿಷದ್ದು. ಅವನು ಕಿಟಕಿಯ ಕೆಳಗೆ ಮೊಣಕಾಲು ಮಡಚಿ ಕೂತ. ಬೆನ್ನಿಗೆ ಹೊರಗೋಡೆ, ಬಲಕ್ಕೆ ಆ ಬಿಳಿ ಗೋಡೆ. ಕಿವಿಯಲ್ಲಿ ಅವನೇ ಜೋಡಿಸಿದ ಧ್ವನಿಗಳು ಸರದಿಯಂತೆ ಹೋದವು: ಕುಕ್ಕರಿನ ಸೀಟಿ, ಹತ್ತನೇ ತರಗತಿಯ ಪಾಠ ಒಪ್ಪಿಸುವ ಹುಡುಗಿ, ಮರಾಠಿ ಆರತಿ, ತುಳುವಿನ ಜಗಳ. ಪ್ರತಿ ಧ್ವನಿಗೂ ಒಂದು ಕಿಟಕಿ ಬೆಳಗಿ ಆರುವುದು ಅವನಿಗೆ ಕಾಣುತ್ತಿರಲಿಲ್ಲ, ಕಿವಿಯಿಂದಲೇ ಲೆಕ್ಕ ಸಿಗುತ್ತಿತ್ತು. ಹಳಿಯ ಮೇಲೆ ಫಾಸ್ಟ್ ಲೋಕಲ್ ಹೋಯಿತು. ನೆಲ ನಡುಗಿತು. ಯಾವಾಗಲೂ ಇಷ್ಟೇ ನಡುಗುತ್ತಿತ್ತೇ?

ಹನ್ನೊಂದನೆಯ ಕಿಟಕಿ ಬೆಳಗಿತು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ರಸ್ತೆಯಾಚೆ ಚಂದ್ರಬಾಯಿ ಬಡಿಯುತ್ತಿದ್ದಳು, ಅವನ ಕಿವಿಯಲ್ಲಿ ಬೀಳುತ್ತಿತ್ತು, ಒಲೆಯ ಮುಂದೆ ಯಾರೂ ಇರಲಿಲ್ಲ. ಆಮೇಲೆ ಸದ್ದು ನಿಂತು ಆ ಒಂದು ನಿಮಿಷ ಬಂತು. ಇದೇ ಅಡುಗೆಮನೆಯಲ್ಲಿ ಸೋಮವಾರ, ಗಾಜು ಕೀಳುವ ಹಿಂದಿನ ದಿನ, ಹಿಡಿದಿಟ್ಟ ಮೌನ. ಕೆಳಗೆ ಅರವತ್ತು ಮಂದಿ ಅದನ್ನೇ ಕೇಳುತ್ತಿದ್ದರು. ಸಮಿತ್ ಹೆಡ್‌ಫೋನಿನ ಒಂದು ಕಿವಿಯನ್ನು ಸರಿಸಿದ. ಎಡಗಿವಿಯಲ್ಲಿ ಸೋಮವಾರದ ಕೋಣೆ, ಬಲಗಿವಿಯಲ್ಲಿ ಈಗಿನ ಕೋಣೆ. ಎರಡೂ ಒಂದೇ ಆಗಿರಬೇಕಿತ್ತು. ಬಲಗಿವಿಯಲ್ಲಿ ಏನೋ ಹೆಚ್ಚಿತ್ತು. ಒಣ ಹಿಟ್ಟು ಸೋಸುವಾಗಿನಂಥ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದು. ಒಲೆಯ ಗ್ಯಾಸಿನದೇ? ಅವನದೇ ಉಸಿರೇ?

ತಲೆಯೆತ್ತಿ ನೋಡಿದ. ಮಂಗಳವಾರ ಬಳಿದ ಪುಟ್ಟಿಯ ಮೇಲೆ, ಬಿರುಕು ಇದ್ದ ದಾರಿಯಲ್ಲೇ, ಕೂದಲಿನಂಥ ಒಂದು ಗೆರೆ ಮೂಡಿತ್ತು. ದಪ್ಪ ಬಳಿದ ಪುಟ್ಟಿ ಒಣಗುವಾಗಲೂ ಹೀಗೆ ಗೆರೆ ಬಿಡುತ್ತದೆ. ಯಾವ ಪೇಂಟರನ್ನು ಕೇಳಿದರೂ ಹೇಳುತ್ತಾನೆ. ಅವನು ಎದ್ದು ಮುಟ್ಟಿ ನೋಡುವಂತಿರಲಿಲ್ಲ, ಎದ್ದರೆ ಕಿಟಕಿಯಲ್ಲಿ ಕಾಣುತ್ತಿದ್ದ. ಇನ್ನೊಂದು ಗಾಡಿ ಬಂತು. ಅವನು ಅಂಗೈಗಳನ್ನು ನೆಲಕ್ಕೆ ಒತ್ತಿ, ಕಟ್ಟಡವನ್ನು ತಾನೇ ಹಿಡಿದುಕೊಂಡವನಂತೆ, ಹಲ್ಲು ಕಚ್ಚಿ ಕೂತ. ಗಾಡಿ ಹೋಯಿತು. ಏನೂ ಬೀಳಲಿಲ್ಲ.

ಹೆಡ್‌ಫೋನುಗಳು ನಿಶ್ಶಬ್ದವಾದವು. ಕೆಳಗೆ ಜನ ಒಬ್ಬೊಬ್ಬರಾಗಿ ಅವನ್ನು ತೆಗೆದರು. ರಸ್ತೆಯ ಗಾಳಿಯಲ್ಲಿ, ಅವರ ಬೆನ್ನ ಹಿಂದೆ, ಅಂಗೈ ಹಿಟ್ಟಿನ ಮೇಲೆ ಬೀಳುತ್ತಲೇ ಇತ್ತು. ಎಲ್ಲರೂ ತಿರುಗಿದರು. ಪರದೆ ಬಿತ್ತು. ಚಪ್ಪಾಳೆ ಎದ್ದಿತು, ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾಗಳೂ ನಿಂತವು.

ಅವನು ಒಲೆ ಆರಿಸಿ ಕೆಳಗೆ ಬಂದಾಗ ಅಶ್ಮಿತಾ ಅಳುತ್ತ ನಗುತ್ತ ಅವನನ್ನು ಎಲ್ಲರಿಗೂ ತೋರಿಸುತ್ತಿದ್ದಳು. “ಖಾಲಿ ಕಿಟಕಿ ಇವನ ಐಡಿಯಾ, ನನ್ನದಲ್ಲ.” ಥಾಣೆಯಿಂದ ಬಂದಿದ್ದ ಹಿರಿಯ ನಟರೊಬ್ಬರು ಅವನ ಕೈ ಹಿಡಿದು, ಇಷ್ಟು ಧೈರ್ಯದಿಂದ ಖಾಲಿ ಬಿಡಲು ವಯಸ್ಸಾದವರಿಗೂ ಆಗುವುದಿಲ್ಲ ಎಂದರು. ಪ್ರಫುಲ್ಲತ್ತೆ ಕಣ್ಣೊರೆಸಿಕೊಂಡು, “ನಾನೇ ಎದ್ದು ಹೋದ ಹಾಗೆ ಆಯ್ತು ಮಗ,” ಎಂದರು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಜಗಲಿಯಲ್ಲಿ ಚಂದ್ರಬಾಯಿ ಉಳಿದ ಹಿಟ್ಟನ್ನು ಡಬ್ಬಿಗೆ ತುಂಬುತ್ತಿದ್ದಳು. ಜನ ಮುತ್ತಿಕೊಂಡಾಗ ಮುಂದಿದ್ದ ಎಂಟು ಮಂದಿ ಹಿಂದಾಗಿ, ಅವರಿಗೆ ಕಂಡದ್ದು ಬರೀ ಬೆನ್ನುಗಳು.

“ಅರ್ಧಾ ತಾಸು ಕಿಡಕಿ ನೋಡಿ ನೋಡಿ ಕುತ್ತಿಗಿ ನೊಂದು ಹೋತು,” ಎನ್ನುತ್ತಿದ್ದಳು ಪದ್ಮಾವತಿ. “ಈಗ ಬರ್ತಾಳ, ಆಗ ಬರ್ತಾಳಂತ. ನಮ್ಮ ಸೂಪರ್‌ವೈಜರ್ ಕೇಳಿದ, ಎಲ್ಲಿ ಅದಾಳ ನಿಮ್ಮಕ್ಕ ಅಂತ. ಏನ್ ಹೇಳ್ಲಿ? ಆ ಸೀರಿ ಯಾಕ್ ಉಟ್ಟಿ ಮತ್ತ, ಕತ್ತಲಾಗ ಕೂಡಾಕ?”

ಚಂದ್ರಬಾಯಿ ಡಬ್ಬಿಯ ಮುಚ್ಚಳ ಒತ್ತಿದಳು. ಸಮಿತನನ್ನು ನೋಡಿದವಳೇ, “ಚಲೋ ಆತೇನು ತಮ್ಮಾ?” ಎಂದಳು. “ಬಹಳ ಚಲೋ ಆಯ್ತು ಅಕ್ಕ,” ಎಂದ ಅವನು.

ಸೋಮವಾರ ಮೇಲಿನಿಂದ ಒಡೆಯಲು ಶುರುಮಾಡಿದರು. ಸಮಿತ್ ಆ ರಸ್ತೆ ಬಿಟ್ಟು ಸ್ಟೇಶನ್ನಿಗೆ ಬೇರೆ ದಾರಿ ಹಿಡಿದ. ಎರಡನೇ ಮಹಡಿಯ ಆ ಗೋಡೆ ಎಷ್ಟು ಏಟಿಗೆ ಬಿತ್ತು ಎಂದು ಮಾಪಣ್ಣನನ್ನು ಕೇಳಬಹುದಿತ್ತು. ಒಂದೇ ಏಟಿಗೆ ಎಂದರೆ? ಹತ್ತು ಏಟು ತಿಂದಿತು ಎಂದರೆ ನೆಮ್ಮದಿಯೇ? ಕೇಳಲಿಲ್ಲ. ನಾಟಕದ ಬಗ್ಗೆ ಪತ್ರಿಕೆಯಲ್ಲಿ ಬಂತು. ‘ಖಾಲಿತನದ ಶಿಲ್ಪಿ’ ಎಂದು ಅವನನ್ನು ಕರೆದಿದ್ದರು. ಆಫೀಸಿನವರು ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು. ಅದರ ಮುಂದೆ ನಡೆಯುವಾಗ ಅವನು ಮೊಬೈಲ್ ನೋಡುತ್ತಿದ್ದ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವನು ಟಿಟ್ವಾಳಾದ ಗಾಡಿ ಹತ್ತಿದ. ಮಾಪಣ್ಣನೂ ಚಂದ್ರಬಾಯಿಯೂ ಈಗ ಅಲ್ಲಿಯ ಸೈಟಿನಲ್ಲಿದ್ದರು. ಈ ಸಲ ಹೇಳುವುದೇ ಎಂದು ಕಲ್ಯಾಣದವರೆಗೆ ಗಟ್ಟಿಯಾಗಿತ್ತು. ಮೊದಲ ವಾಕ್ಯವನ್ನೂ ಜೋಡಿಸಿಕೊಂಡಿದ್ದ. ಚಂದ್ರಬಾಯಿ ಚಹಾ ಮಾಡಿದಳು. ಅವನು ನಾಟಕದ ವಿಡಿಯೊ ತೋರಿಸಲು ಬಂದೆ ಎಂದು ಫೋನ್ ತೆಗೆದ. ಮೂವರೂ ಸಿಮೆಂಟಿನ ಚೀಲಗಳ ಮೇಲೆ ಕೂತು ನೋಡಿದರು. ಕಿಟಕಿಗಳು ಬೆಳಗಿ ಆರಿದವು. ಕೊನೆಯ ಕಿಟಕಿಯಲ್ಲಿ ಒಲೆ ಉರಿಯಿತು. ಕ್ಯಾಮೆರಾ ತಿರುಗಿದಾಗ ಕತ್ತಲೆಯಲ್ಲಿ ಜನರ ತಲೆಗಳು ಕಂಡವು, ಅವುಗಳ ಸಂದಿಯಲ್ಲಿ ಒಂದು ಕೈ.

“ಇದ್ರಾಗ ನಾ ಎಲ್ಲಿ ಅದೀನಿ?” ಎಂದಳು ಚಂದ್ರಬಾಯಿ.

“ಅದಾ ಕೈ ನಿಂದು,” ಎಂದ ಮಾಪಣ್ಣ. “ಬಳಿ ನೋಡು.”

ಅವಳು ಫೋನನ್ನು ಹತ್ತಿರ ಹಿಡಿದು ನೋಡಿ ವಾಪಸ್ ಕೊಟ್ಟಳು. “ಒಂದ್ ಮಾತ್ ಕೇಳ್ಲೇನು ತಮ್ಮಾ? ಸಿಟ್ಟಿಲ್ಲ ನಂದು. ಮ್ಯಾಲ ಕೂಡಿಸಿ ಮತ್ತ ಯಾಕ್ ಕೆಳಗ ಇಳಿಸಿದಿ? ಮೈಕಿಂದು ಅಂದಿ. ಪದ್ಮಾವತಿ ಅಂತಾಳ, ಮೈಕೂ ಅಲ್ಲ ಏನೂ ಅಲ್ಲ, ದೊಡ್ಡ ಮಂದಿ ಬರ್ತಾರಂತ ಗೊತ್ತಾತು, ನಮ್ಮಂಥಾ ಮಾರಿ ಕಿಡಕ್ಯಾಗ ಬ್ಯಾಡಂದ್ರು ಅಂತ. ಹಂಗೇನು?”

“ಇಲ್ಲ ಅಕ್ಕ, ಹಾಗಲ್ಲ,” ಎಂದ ಸಮಿತ್.

ಅವಳು ಮುಂದಿನ ಮಾತಿಗಾಗಿ ಕಾದಳು. ದೂರದಲ್ಲಿ ಯಾರೋ ಸಲಾಕೆ ಕತ್ತರಿಸುತ್ತಿದ್ದರು. ಮಾಪಣ್ಣ ಚಹಾದ ಲೋಟಗಳನ್ನು ಒಂದರೊಳಗೊಂದು ಇಟ್ಟ. ಅವಳು ಎದ್ದು, ಸೀರೆಯ ಸೆರಗಿಗೆ ಹತ್ತಿದ ಸಿಮೆಂಟ್ ಕೊಡವಿಕೊಂಡಳು.

ಗೋಡೆಗೆ ಹೆದರಿ ಅವಳನ್ನು ಕೆಳಗಿಳಿಸಿದೆನೆಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.